ಒಂದೇ ಬೀಗದ ಕೈ, ಹಲವು ಬಾಗಿಲು

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ನಡೆದ ‘ಸಹಕಾರ ಮತ್ತು ಕಂಪ್ಯೂಟರ್’ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಒಂದು ಸಹಕಾರ ಸಂಘ ಇಪ್ಪತ್ತೈದು ವರ್ಷ ಪೂರೈಸುವುದು ಸಾಮಾನ್ಯ ಸಂಗತಿಯಲ್ಲ. ಬರಗಾಲ ಬರುತ್ತದೆ, ಬೆಲೆ ಕುಸಿಯುತ್ತದೆ, ಸಾಲ ಮನ್ನಾ ಆಗುತ್ತದಂತೆ ಎಂಬ ಗಾಳಿಮಾತಿಗೆ ವಸೂಲಿ ನಿಂತುಹೋಗುತ್ತದೆ. ಇಷ್ಟೆಲ್ಲದರ ನಡುವೆ ಬಾಗಿಲು ಮುಚ್ಚದೆ ನಡೆದು ಬಂದಿರುವ ನಮ್ಮ ಸಂಘಕ್ಕೆ ಮೊದಲು ನನ್ನ ಹೃತ್ಪೂರ್ವಕ ಅಭಿನಂದನೆಗಳು.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯ ನೋಡಿ ಕೆಲವರು, “ಇದೇನಪ್ಪಾ ಸಿಂಗಲ್ ಸೈನ್-ಆನ್ ಅಂದ್ರೆ? ನಮ್ಮ ಗೊಬ್ಬರ-ಬೀಜದ ಸಂಘಕ್ಕೂ ಇದಕ್ಕೂ ಏನು ಸಂಬಂಧ?” ಎಂದು ಕೇಳಿದರು. ಸಂಬಂಧ ಇದೆ. ಒಬ್ಬ ಮನುಷ್ಯ ಒಂದೇ ಒಂದು ಸಲ ತಾನು ಯಾರೆಂದು ತೋರಿಸಿ, ತನ್ನ ಕೆಲಸಕ್ಕೆ ಬೇಕಾದ ಎಲ್ಲ ತಂತ್ರಾಂಶಗಳನ್ನೂ ಮತ್ತೆ ಮತ್ತೆ ಪಾಸ್‌ವರ್ಡ್ ಕೊಡದೆ ಬಳಸುವ ಏರ್ಪಾಡಿಗೆ ಸಿಂಗಲ್ ಸೈನ್-ಆನ್ ಎನ್ನುತ್ತಾರೆ. ಒಂದೇ ಬೀಗದ ಕೈಯಲ್ಲಿ ಹಲವು ಬಾಗಿಲು ತೆರೆಯುವುದು ಅಂತ ಇಟ್ಟುಕೊಳ್ಳಿ. ಇದನ್ನು ಅನುಕೂಲಕ್ಕಾಗಿ ಮಾಡುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅನುಕೂಲ ಎರಡನೆಯದು. ಮೊದಲನೆಯದು ಲೆಕ್ಕ, ಯಾವ ಕೆಲಸ ಯಾರ ಕೈಯಿಂದ ಆಯಿತು ಎಂಬ ಲೆಕ್ಕ. ಅದನ್ನೇ ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೈಬರಹ ಹೋದ ಮೇಲೆ

ಸಹಕಾರ ಚಳವಳಿಯ ಬೇರು ನಮ್ಮ ನಾಡಿನಲ್ಲಿ ಹಳೆಯದು. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ಅಲ್ಲಿಂದ ಮುಂದೆ ಎಷ್ಟೋ ದಶಕಗಳ ಕಾಲ ಸಂಘ ಅಂದರೆ ಒಂದು ಕೋಣೆ, ಒಂದು ತಿಜೋರಿ, ಒಂದಿಷ್ಟು ಕೆಂಪು ಬಟ್ಟೆಯ ಪುಸ್ತಕಗಳು.

ಆ ಪುಸ್ತಕಗಳಲ್ಲಿ ಒಂದು ಗುಣವಿತ್ತು. ಬರೆದವನ ಕೈಬರಹ ಅದರಲ್ಲಿ ಉಳಿಯುತ್ತಿತ್ತು. ನಗದು ಪುಸ್ತಕದಲ್ಲಿ ಒಂದು ಅಂಕಿ ತಿದ್ದಿದ್ದರೆ ಯಾರು ತಿದ್ದಿದ್ದು, ಯಾವ ಮಸಿಯಲ್ಲಿ ತಿದ್ದಿದ್ದು ಎಂದು ಆಡಿಟ್‌ಗೆ ಬಂದವರು ಬೆರಳಿಟ್ಟು ತೋರಿಸುತ್ತಿದ್ದರು. “ಇದು ನನ್ನ ಅಕ್ಷರ ಅಲ್ಲ ಸ್ವಾಮೀ” ಎಂದು ಗುಮಾಸ್ತ ಧೈರ್ಯವಾಗಿ ಹೇಳಬಹುದಿತ್ತು.

ಕಂಪ್ಯೂಟರಿನಲ್ಲಿ ಕೈಬರಹ ಇಲ್ಲ. ಯಾರು ಒತ್ತಿದರೂ ಐದು ಐದೇ, ಏಳು ಏಳೇ. ಅಲ್ಲಿ ಕೈಬರಹದ ಜಾಗದಲ್ಲಿ ಉಳಿದಿರುವುದು ಒಂದೇ, ಒಳಗೆ ಹೋಗುವಾಗ ಕೊಟ್ಟ ಹೆಸರು. ಆ ಹೆಸರೇ ಇವತ್ತಿನ ಅಕ್ಷರ, ಇವತ್ತಿನ ರುಜು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಬೀಗದ ಕೈಗಳ ಗೊಂಚಲು

2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸಲು ಒಪ್ಪಿಗೆ ಕೊಟ್ಟಿತು. ಬಳಿಕ ಸಂಘಗಳ ಸಂಖ್ಯೆಯನ್ನು ಇನ್ನೂ ಹೆಚ್ಚಿಸಿದರು. ನಬಾರ್ಡ್ ಮೇಲುಸ್ತುವಾರಿಯಲ್ಲಿ ಎಲ್ಲ ಸಂಘಗಳಿಗೂ ಒಂದೇ ಬಗೆಯ ತಂತ್ರಾಂಶ ಕೊಡುವುದು ಅದರ ಉದ್ದೇಶ. ಒಳ್ಳೆಯದೇ. ಆದರೆ ಒಂದು ಸಂಘದ ಮೇಜಿನ ಮೇಲೆ ಇರುವುದು ಅದೊಂದೇ ಅಲ್ಲವಲ್ಲ! ಜಿಲ್ಲಾ ಬ್ಯಾಂಕಿನ ವ್ಯವಹಾರಕ್ಕೆ ಒಂದು, ಗೊಬ್ಬರ ಮಾರುವ ಪಿ.ಒ.ಎಸ್. ಯಂತ್ರಕ್ಕೆ ಒಂದು, ರೈತರ ಎಫ್.ಐ.ಡಿ. ನೋಡಲು ಫ್ರೂಟ್ಸ್, ಪಹಣಿಗೆ ಭೂಮಿ, ಪಿಗ್ಮಿ ಸಂಗ್ರಹಕಾರರ ಮೊಬೈಲಿಗೆ ಒಂದು, ಗೋದಾಮಿನ ದಾಸ್ತಾನಿಗೆ ಒಂದು, ಇ-ಮೇಲಿಗೆ ಇನ್ನೊಂದು. ಒಂದೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡ್.

ಲೆಕ್ಕ ಹಾಕಿ ನೋಡಿ. ಏಳು ತಂತ್ರಾಂಶ, ಐದು ಜನ ಸಿಬ್ಬಂದಿ. ಎಲ್ಲರಿಗೂ ಎಲ್ಲದರಲ್ಲೂ ಸ್ವಂತ ಹೆಸರು ಮಾಡಿಕೊಟ್ಟರೆ ಮೂವತ್ತೈದು ಖಾತೆ, ಮೂವತ್ತೈದು ಪಾಸ್‌ವರ್ಡ್. ಇದನ್ನು ನಿಭಾಯಿಸುವವರು ಯಾರು? ಹಾಗಾಗಿ ಏನಾಗುತ್ತದೆ? ತಂತ್ರಾಂಶಕ್ಕೊಂದೇ ಹೆಸರು, ಅದನ್ನೇ ಎಲ್ಲರೂ ಹಂಚಿಕೊಳ್ಳುವುದು. ಪಾಸ್‌ವರ್ಡನ್ನು ಕ್ಯಾಲೆಂಡರಿನ ಹಿಂದೆಯೋ ಕೀಲಿಮಣೆಯ ಅಡಿಯಲ್ಲೋ ಬರೆದಿಡುವುದು. ಇದು ಯಾರ ಅಪ್ರಾಮಾಣಿಕತೆಯೂ ಅಲ್ಲ. ಹೊರಲಾರದ ಹೊರೆ ಹೊರಿಸಿದರೆ ಮನುಷ್ಯ ಹಗುರ ಮಾಡಿಕೊಳ್ಳುವ ದಾರಿ ಹುಡುಕುತ್ತಾನೆ, ಅಷ್ಟೇ.

ಹದಿನೆಂಟು ಸಾವಿರದ ಪ್ರಶ್ನೆ

ಈಗ ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. ಇದು ಯಾವ ಸಂಘದಲ್ಲೂ ನಡೆದದ್ದಲ್ಲ. ಹಾಗಂತ ನಡೆಯಲಾರದ್ದೂ ಅಲ್ಲ.

ಒಂದು ಸಂಘದಲ್ಲಿ ಮೂರು ಜನ ಒಂದೇ ‘ಅಡ್ಮಿನ್’ ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಾರೆ: ಕಾರ್ಯದರ್ಶಿ, ಲೆಕ್ಕಿಗರು, ದಿನಗೂಲಿಯ ಮೇಲೆ ಬಂದ ಕಂಪ್ಯೂಟರ್ ಹುಡುಗ. ಒಂದು ದಿನ ವಯಸ್ಸಾದ ಸದಸ್ಯೆಯೊಬ್ಬರು ಬಂದು, “ನನ್ನ ಉಳಿತಾಯದಲ್ಲಿ ಹದಿನೆಂಟು ಸಾವಿರ ಕಮ್ಮಿ ತೋರಿಸ್ತದೆ, ನಾನು ತೆಗೆದೇ ಇಲ್ಲ” ಎನ್ನುತ್ತಾರೆ. ತಂತ್ರಾಂಶ ತೆರೆದು ನೋಡಿದರೆ ಮಂಗಳವಾರ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಹಣ ತೆಗೆದ ದಾಖಲೆ ಇದೆ. ಮಾಡಿದವರು ಯಾರು? ‘ಅಡ್ಮಿನ್’. ಅಡ್ಮಿನ್ ಯಾರು? ಮೂವರೂ ಹೌದು, ಮೂವರೂ ಅಲ್ಲ.

ಅದು ಕಳವೇ ಇರಬಹುದು, ಬೇರೆಯವರ ಖಾತೆಗೆ ಬರೆಯುವುದನ್ನು ತಪ್ಪಿ ಇವರ ಖಾತೆಗೆ ಬರೆದದ್ದೂ ಇರಬಹುದು. ಆದರೆ ಊರು ಅಷ್ಟು ಹೊತ್ತು ಕಾಯುವುದಿಲ್ಲ. ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ತೀರ್ಪು ಆಗಿರುತ್ತದೆ. ಮೂವರಲ್ಲಿ ಯಾರು ಚಿಕ್ಕವನೋ, ಯಾರು ಬಡವನೋ, ಯಾರಿಗೆ ಹಿಂದೆ ಮುಂದೆ ಇಲ್ಲವೋ ಅವನ ಮೇಲೆ ಬೆರಳು ಹೋಗುತ್ತದೆ. ಅವನು ಮಾಡಿಲ್ಲ ಎಂದು ತೋರಿಸಲು ಅವನ ಬಳಿ ಏನೂ ಇಲ್ಲ. ಮಾಡಿದ್ದಾನೆ ಎಂದು ತೋರಿಸಲು ಸಂಘದ ಬಳಿಯೂ ಏನೂ ಇಲ್ಲ. ಹಣವನ್ನು ಸಂಘ ಹೇಗೋ ತುಂಬಿಕೊಡಬಹುದು. ಹೋದ ಮಾನವನ್ನು ತುಂಬಿಕೊಡುವವರು ಯಾರು?

ಆದ್ದರಿಂದ ನಾನು ಹೇಳುವುದಿಷ್ಟೆ: ಪ್ರತಿಯೊಬ್ಬರಿಗೂ ಸ್ವಂತ ಹೆಸರು ಬೇಕಾಗಿರುವುದು ಕಳ್ಳನನ್ನು ಹಿಡಿಯುವುದಕ್ಕಿಂತ ಹೆಚ್ಚಾಗಿ ಕಳ್ಳನಲ್ಲದವನನ್ನು ಕಾಪಾಡುವುದಕ್ಕೆ. ಸಿಂಗಲ್ ಸೈನ್-ಆನ್ ಬಂದರೆ ಅದರ ಕೆಳಗೆ ತಂದ ತಂತ್ರಾಂಶಗಳಿಗೆಲ್ಲ ಐದು ಖಾತೆ ಸಾಕು. ಐದನ್ನು ಐದು ಜನ ನೆನಪಿಟ್ಟುಕೊಳ್ಳಬಲ್ಲರು. ಹಂಚಿಕೊಳ್ಳುವ ಅಗತ್ಯವೇ ಇರುವುದಿಲ್ಲ.

ಪಾಸ್‌ವರ್ಡಿನ ಹಳೇ ಕಥೆ

ಈ ತೊಂದರೆ ಹೊಸದಲ್ಲ. ಅಮೆರಿಕದ ಎಂ.ಐ.ಟಿ. ಎಂಬ ಪ್ರಸಿದ್ಧ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯ ತಂಡ 1961ರಲ್ಲಿ ಹಲವರು ಒಂದೇ ಕಂಪ್ಯೂಟರನ್ನು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ತೋರಿಸಿತು. ಒಬ್ಬೊಬ್ಬರ ಕಡತ ಬೇರೆ ಇರಲಿ ಎಂದು ಅದರಲ್ಲಿ ಪಾಸ್‌ವರ್ಡ್ ಇಟ್ಟರು. 1962ರಲ್ಲಿ ಆಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿ, ತನಗೆ ಕೊಟ್ಟ ಸಮಯ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿಕೊಂಡುಬಿಟ್ಟ! ಪಾಸ್‌ವರ್ಡ್ ಹುಟ್ಟಿತು, ಹಿಂದೆಯೇ ಕಳುವೂ ಆಯಿತು.

ಅದೇ ಸಂಸ್ಥೆಯಲ್ಲಿ 1983ರಲ್ಲಿ ‘ಅಥೀನಾ’ ಎಂಬ ಯೋಜನೆ ಶುರುವಾಯಿತು. ಆವರಣದ ತುಂಬ ಕಂಪ್ಯೂಟರುಗಳು, ಯಾವುದರ ಮುಂದೆ ಯಾವ ವಿದ್ಯಾರ್ಥಿ ಕೂರುತ್ತಾನೋ ಗೊತ್ತಿಲ್ಲ. ಪ್ರತಿಯೊಂದಕ್ಕೂ ಪಾಸ್‌ವರ್ಡ್ ಕಳಿಸುತ್ತಾ ಹೋದರೆ ತಂತಿಯ ಮೇಲೆ ಕದ್ದು ಕೇಳುವವರಿಗೆ ಸುಗ್ಗಿ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಗುರುತು ನೋಡುವ ಕೆಲಸಕ್ಕೇ ಒಂದು ಪ್ರತ್ಯೇಕ ಕಂಪ್ಯೂಟರ್ ಇಡುವುದು. ಅದು ಒಂದು ಸಲ ಗುರುತು ನೋಡಿ ಚೀಟಿ ಕೊಡುವುದು. ಉಳಿದವು ಚೀಟಿ ನೋಡಿ ಬಿಡುವುದು. ಈ ವ್ಯವಸ್ಥೆಗೆ ‘ಕೆರ್ಬೆರೋಸ್’ ಎಂದು ಹೆಸರಿಟ್ಟರು. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರು ಅದು. ನಮ್ಮಲ್ಲೂ ಯಮನ ದಾರಿಯಲ್ಲಿ ನಾಯಿಗಳಿವೆ ಎನ್ನುತ್ತಾರಲ್ಲ, ಹಾಗೆ. ಇಂದು ದೊಡ್ಡ ದೊಡ್ಡ ಕಚೇರಿಗಳಲ್ಲಿ ಬೆಳಿಗ್ಗೆ ಒಮ್ಮೆ ಲಾಗಿನ್ ಆಗಿ ಸಂಜೆವರೆಗೆ ಕೆಲಸ ಮಾಡುವವರ ಹಿಂದೆ ಈ ನಾಯಿಯೇ ಕಾವಲಿದೆ.

ಮುಂದೆ ಇಂಟರ್‌ನೆಟ್ ಬಂದಾಗ ಇದೇ ಚೀಟಿಯ ಕಲ್ಪನೆಯನ್ನು ವೆಬ್‌ಗೆ ಹೊಂದಿಸಿದರು. ಬೇರೆ ಬೇರೆ ಸಂಸ್ಥೆಗಳ ವೆಬ್ ತಂತ್ರಾಂಶಗಳ ನಡುವೆ ನಡೆಯುವ ‘ಸ್ಯಾಮಲ್’ ನಿಯಮದ ಎರಡನೇ ಆವೃತ್ತಿ 2005ರಲ್ಲಿ ಬಂತು. 2012ರಲ್ಲಿ ‘ಓ-ಆಥ್ 2.0’, ಅದರ ಮೇಲೆ ಕಟ್ಟಿದ ‘ಓಪನ್ ಐಡಿ ಕನೆಕ್ಟ್’ 2014ರಲ್ಲಿ. ಮೊಬೈಲ್ ತಂತ್ರಾಂಶಕ್ಕೆ ಕೊನೆಯದು ಚೆನ್ನಾಗಿ ಒಗ್ಗುತ್ತದೆ.

ನಮ್ಮ ಸರ್ಕಾರವೂ ಈ ದಾರಿ ಹಿಡಿದಿದೆ. 2022ರ ಜುಲೈ 4ರಂದು ಗಾಂಧಿನಗರದಲ್ಲಿ ‘ಮೇರಿ ಪೆಹಚಾನ್’ ಎಂಬ ರಾಷ್ಟ್ರೀಯ ಸಿಂಗಲ್ ಸೈನ್-ಆನ್ ಉದ್ಘಾಟನೆಯಾಯಿತು. ಜನ್ ಪರಿಚಯ್, ಇ-ಪ್ರಮಾಣ್, ಡಿಜಿಲಾಕರ್ ಈ ಮೂರರಲ್ಲಿ ಯಾವುದಾದರೊಂದು ಖಾತೆ ಇದ್ದರೆ ಅದರಿಂದ ಹಲವು ಸರ್ಕಾರಿ ಸೇವೆಗಳಿಗೆ ಪ್ರವೇಶ. ಮಕ್ಕಳ ಫೋನಿನಲ್ಲಿ ‘ಗೂಗಲ್ ಮೂಲಕ ಪ್ರವೇಶಿಸಿ’ ಎಂದು ಬರುವುದೂ ಇದೇ ಜಾತಿಯದು.

ಬಸ್ ಪಾಸಿನಿಂದ ತಿಳಿಯುವುದು

ಚೀಟಿ ಅಂದೆನಲ್ಲ, ಅದು ಹೇಗಿರುತ್ತದೆ? ಕಾಲೇಜಿಗೆ ಹೋಗುವ ಹುಡುಗರ ಬಸ್ ಪಾಸ್ ನೆನೆಸಿಕೊಳ್ಳಿ. ಹುಡುಗ ದಾಖಲಾತಿ ಕಾಗದಗಳನ್ನು ಒಂದೇ ಸಲ ಕಚೇರಿಗೆ ತೋರಿಸುತ್ತಾನೆ. ಕಚೇರಿ ಪಾಸ್ ಕೊಡುತ್ತದೆ. ಆಮೇಲೆ ಯಾವ ಕಂಡಕ್ಟರೂ ಅವನ ಶಾಲಾ ದಾಖಲೆ ಕೇಳುವುದಿಲ್ಲ, ಕಚೇರಿಗೆ ಫೋನು ಮಾಡಿಯೂ ಕೇಳುವುದಿಲ್ಲ. ಪಾಸ್ ನೋಡುತ್ತಾರೆ, ಬಿಡುತ್ತಾರೆ. ಆದರೆ ಒಳ್ಳೆಯ ಕಂಡಕ್ಟರ್ ಪಾಸಿನಲ್ಲಿ ಐದು ವಿಷಯ ನೋಡುತ್ತಾರೆ: ಕೊಟ್ಟವರು ಯಾರು, ಯಾರಿಗೆ ಕೊಟ್ಟದ್ದು, ಯಾವ ಮಾರ್ಗಕ್ಕೆ, ಯಾವ ತಾರೀಖಿನವರೆಗೆ, ಮೊಹರು ಅಸಲಿಯೋ ನಕಲಿಯೋ.

ಕಂಪ್ಯೂಟರಿನ ಚೀಟಿಯಲ್ಲೂ ಇದೇ ಐದು ಇರುತ್ತವೆ. ಅಲ್ಲಿ ಮೊಹರು ಎಂದರೆ ಗಣಿತದಿಂದ ಮಾಡಿದ ರುಜು. ಚೀಟಿಯ ಒಂದೇ ಒಂದು ಅಕ್ಷರ ಬದಲಾದರೂ ರುಜು ತಾಳೆ ಬೀಳುವುದಿಲ್ಲ. ಹಾಗಾಗಿ ದಾಸ್ತಾನು ತಂತ್ರಾಂಶಕ್ಕೆ ನಿಮ್ಮ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ. ಗೊತ್ತಿಲ್ಲದ್ದನ್ನು ಅದರಿಂದ ಯಾರೂ ಕದಿಯಲಾರರು. ಸಿಂಗಲ್ ಸೈನ್-ಆನ್‌ನ ದೊಡ್ಡ ಲಾಭಗಳಲ್ಲಿ ಇದೊಂದು.

ತಂತ್ರಾಂಶ ಮಾಡಿಕೊಡುವವರು ಕೆಲವೊಮ್ಮೆ ಮೊಹರು ನೋಡಿ ಮಾರ್ಗ ನೋಡುವುದನ್ನು ಬಿಟ್ಟುಬಿಡುತ್ತಾರೆ. ಆಗ ಹಾಜರಿ ತಂತ್ರಾಂಶಕ್ಕೆ ಕೊಟ್ಟ ಚೀಟಿ ಹಿಡಿದು ಠೇವಣಿ ತಂತ್ರಾಂಶದ ಒಳಗೆ ನುಗ್ಗಬಹುದು. “ಐದನ್ನೂ ಪರೀಕ್ಷೆ ಮಾಡುತ್ತದೆಯೇ?” ಎಂದು ಬರವಣಿಗೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಬೇಕು.

ಇನ್ನೊಂದು ಸೂಕ್ಷ್ಮ. ಹುಡುಗ ಕಾಲೇಜು ಬಿಟ್ಟ ಎಂದು ಕಚೇರಿ ಪಾಸ್ ರದ್ದು ಮಾಡಿದರೂ ರಸ್ತೆಯ ಮೇಲಿನ ಕಂಡಕ್ಟರಿಗೆ ಅದು ಗೊತ್ತಾಗುವುದಿಲ್ಲ. ತಾರೀಖು ಮುಗಿಯುವವರೆಗೆ ಪಾಸ್ ನಡೆಯುತ್ತದೆ. ಇದಕ್ಕಾಗಿ ಕಂಪ್ಯೂಟರಿನ ಚೀಟಿಗೆ ಆಯುಸ್ಸು ಬಹಳ ಕಡಿಮೆ ಇಡುತ್ತಾರೆ, ಕೆಲವು ನಿಮಿಷದಿಂದ ಒಂದು ಗಂಟೆ. ಮುಗಿದ ಮೇಲೆ ತಂತ್ರಾಂಶ ತಾನೇ ಹೋಗಿ ಹೊಸ ಚೀಟಿ ಕೇಳುತ್ತದೆ. ಆ ವೇಳೆಗೆ ಮುಖ್ಯ ಬಾಗಿಲಲ್ಲಿ ಹೆಸರು ಹೊಡೆದುಹಾಕಿದ್ದರೆ ಹೊಸದು ಸಿಗುವುದಿಲ್ಲ.

ಮೊಬೈಲಿನಲ್ಲಿ ಎಚ್ಚರ

ಪಿಗ್ಮಿ ಸಂಗ್ರಹಕಾರರು ಮನೆ ಮನೆಗೆ ಹೋಗುವಾಗ ಕೈಯಲ್ಲಿರುವುದು ಮೊಬೈಲು. ಅಲ್ಲಿ ಎರಡು ನಿಯಮಗಳಿವೆ.

ಒಂದು: ಮೊಬೈಲ್ ತಂತ್ರಾಂಶವು ತನ್ನದೇ ಕಿಟಕಿಯೊಳಗೆ ಪಾಸ್‌ವರ್ಡ್ ಕೇಳಬಾರದು. ಫೋನಿನ ಬ್ರೌಸರ್ ತೆರೆದು, ಮುಖ್ಯ ಬಾಗಿಲಿಗೆ ಕರೆದೊಯ್ದು, ಅಲ್ಲಿ ಗುರುತು ಮುಗಿಸಿ ವಾಪಸು ಬರಬೇಕು. 2017ರಲ್ಲಿ ಇಂಟರ್‌ನೆಟ್ ಮಾನಕ ಮಂಡಳಿಯವರು ಇದನ್ನೇ ಉತ್ತಮ ಪದ್ಧತಿ ಎಂದು ಬರೆದಿಟ್ಟರು. ಕಾರಣ ಸರಳ. ಯಾವುದೋ ಅಂಗಡಿಯವನು “ನಿಮ್ಮ ತಿಜೋರಿ ಕೀ ನನಗೆ ಕೊಡಿ, ನಾನೇ ತೆಗೆದುಕೊಡ್ತೀನಿ” ಅಂದರೆ ಕೊಡ್ತೀರಾ?

ಎರಡು: ಬ್ರೌಸರಿನಿಂದ ಚೀಟಿ ಹಿಂತಿರುಗಿ ಬರುವ ದಾರಿಯಲ್ಲಿ ಇನ್ನೊಂದು ಕಳ್ಳ ತಂತ್ರಾಂಶ ಅದನ್ನು ಹಾರಿಸಿಕೊಂಡು ಹೋಗಬಹುದು. ಇದಕ್ಕೆ 2015ರಲ್ಲಿ ಒಂದು ಉಪಾಯ ಬಂತು, ‘ಪಿಕ್ಸಿ’ ಎನ್ನುತ್ತಾರೆ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಾಗ ಒಂದು ಟೋಕನ್ ಚಪ್ಪಲಿಗೆ ಕಟ್ಟಿ, ಅದರ ಜೋಡಿ ನಮ್ಮ ಕೈಗೆ ಕೊಡುತ್ತಾರಲ್ಲ? ಹಾಗೇ ಇಲ್ಲೂ. ಕೇಳಿಕೆ ಸಲ್ಲಿಸುವಾಗ ತಂತ್ರಾಂಶ ಒಂದು ಗುಟ್ಟನ್ನು ತಾನೇ ಸೃಷ್ಟಿಸಿಕೊಂಡು, ಅದರ ಅಚ್ಚು ಮಾತ್ರ ಕಳಿಸುತ್ತದೆ. ಚೀಟಿ ಪಡೆಯುವಾಗ ಗುಟ್ಟನ್ನು ತೋರಿಸಬೇಕು. ಅಚ್ಚಿಗೂ ಗುಟ್ಟಿಗೂ ತಾಳೆಯಾದರೆ ಮಾತ್ರ ಚೀಟಿ.

ಒಂದೇ ಬಾಗಿಲು ಅಂದರೆ ಒಂದೇ ಅಪಾಯ

ಇಷ್ಟು ಹೊಗಳಿದ ಮೇಲೆ ಇದರ ಇನ್ನೊಂದು ಮುಖ ಹೇಳದಿದ್ದರೆ ತಪ್ಪಾಗುತ್ತದೆ. ಎಲ್ಲ ಬಾಗಿಲಿಗೂ ಒಂದೇ ಕೀ ಆದರೆ, ಆ ಕೀ ಕಳೆದರೆ ಎಲ್ಲ ಬಾಗಿಲೂ ತೆರೆದಂತೆ.

2018ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಸಂಸ್ಥೆಯಿಂದ ಕೋಟಿಗಟ್ಟಲೆ ಜನರ ಇಂಥ ಚೀಟಿಗಳೇ ಕಳುವಾದವು. ಮೊದಲು ಸುಮಾರು 5 ಕೋಟಿ ಎಂದರು, ಆಮೇಲೆ 3 ಕೋಟಿ ಎಂದು ಖಚಿತಪಡಿಸಿದರು. ಪಾಸ್‌ವರ್ಡ್ ಯಾರದೂ ಹೋಗಿರಲಿಲ್ಲ. ಆದರೂ ಕಳ್ಳರು ಒಳಗೆ ಹೋಗಬಹುದಿತ್ತು. ಸಂಸ್ಥೆ ಚೀಟಿಗಳನ್ನೆಲ್ಲ ರದ್ದು ಮಾಡಿ ಜನ ಮತ್ತೆ ಲಾಗಿನ್ ಆಗುವಂತೆ ಮಾಡಬೇಕಾಯಿತು.

2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲು, ಡೀಸೆಲ್ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ಸಂಸ್ಥೆಯ ಕಂಪ್ಯೂಟರುಗಳಿಗೆ ದುಷ್ಕರ್ಮಿಗಳು ಬೀಗ ಜಡಿದರು. ಕೊಳವೆ ಮಾರ್ಗವನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಬಂಕುಗಳ ಮುಂದೆ ಸಾಲು. ಸಂಸ್ಥೆ ಸುಮಾರು 44 ಲಕ್ಷ ಡಾಲರ್ ತೆತ್ತಿತು. ಒಂದು ಭಾಗವನ್ನು ಸರ್ಕಾರ ಆಮೇಲೆ ವಶಪಡಿಸಿಕೊಂಡಿತು. ಒಳಗೆ ಬಂದದ್ದು ಹೇಗೆ? ಬಳಕೆಯಲ್ಲಿ ಇರಬಾರದಿದ್ದ ಒಂದು ಹಳೆಯ ಖಾತೆ. ಅದಕ್ಕೆ ಇದ್ದದ್ದು ಬರೀ ಪಾಸ್‌ವರ್ಡ್, ಎರಡನೇ ಕಾವಲು ಇರಲಿಲ್ಲ. ಅಷ್ಟು ದೊಡ್ಡ ಸಂಸ್ಥೆ ಮುಚ್ಚಲು ಮರೆತದ್ದು ಒಂದು ಹಿತ್ತಲ ಬಾಗಿಲು!

ನಮ್ಮ ದೇಶದ್ದೇ ಒಂದು ಪಾಠ ಕೇಳಿ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಎಂಬ ಸಂಸ್ಥೆಯ ಮೇಲೆ ದಾಳಿಯಾಯಿತು. ಹರಡಬಾರದೆಂದು ಜುಲೈ 31ರಂದು ಅದರ ಸಂಪರ್ಕ ಕಡಿದರು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯು.ಪಿ.ಐ., ಎ.ಟಿ.ಎಂ. ಸೇವೆ ನಿಂತಿತು. ಇದು ಸಿಂಗಲ್ ಸೈನ್-ಆನ್ ವಿಷಯವಲ್ಲ, ನಿಜ. ಆದರೆ ಹಲವರು ಒಂದೇ ಕಂಬಕ್ಕೆ ಒರಗಿದರೆ ಆ ಕಂಬ ಗಟ್ಟಿ ಇರಬೇಕು ಎನ್ನುವ ಪಾಠ ಎರಡಕ್ಕೂ ಒಂದೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ.

ನಮ್ಮಂಥ ಸಂಘ ಏನು ಮಾಡಬೇಕು?

ಮಾತು ಸಾಕು, ಕೆಲಸ ಹೇಳಿ ಎನ್ನುವವರಿಗೆ ಎಂಟು ಸೂಚನೆಗಳು:

1. ಮೊದಲು ಪಟ್ಟಿ ಮಾಡಿ. ಯಾವ ತಂತ್ರಾಂಶ, ಯಾರು ಬಳಸುತ್ತಾರೆ, ಅದು ನಮ್ಮದೋ ಸರ್ಕಾರದ್ದೋ ಬ್ಯಾಂಕಿನದ್ದೋ. ಸರ್ಕಾರದ ಪೋರ್ಟಲಿಗೆ, ಜಿಲ್ಲಾ ಬ್ಯಾಂಕಿನ ತಂತ್ರಾಂಶಕ್ಕೆ ಅವರದೇ ಬಾಗಿಲು ಇರುತ್ತದೆ. ಅವನ್ನು ನಾವು ನಮ್ಮ ಬಾಗಿಲ ಕೆಳಗೆ ತರಲಾಗದು. ನಾವೇ ದುಡ್ಡು ಕೊಟ್ಟು ಕೊಂಡ ಪಿಗ್ಮಿ, ದಾಸ್ತಾನು, ಹಾಜರಿ, ಇ-ಮೇಲ್ ಇವನ್ನು ತರಬಹುದು.

2. ಹಂಚಿಕೊಂಡ ಹೆಸರುಗಳನ್ನು ನಿಲ್ಲಿಸಿ. ಎಲ್ಲರೂ ‘ಅಡ್ಮಿನ್’ ಆಗಿದ್ದುಕೊಂಡು ಸಿಂಗಲ್ ಸೈನ್-ಆನ್ ತಂದರೆ ಮೊದಲಿಗಿಂತ ಕೆಟ್ಟದಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದರೂ ಯಾವ ಗೂಟ ಎಂದು ತಿಳಿಯುವುದಿಲ್ಲ.

3. ಬಾಗಿಲು ಕಾಯುವವರನ್ನು ಆರಿಸಿ. ಗೂಗಲ್, ಮೈಕ್ರೋಸಾಫ್ಟ್, ನಮ್ಮ ದೇಶದ ಜೋಹೊ ಇಂಥವರಲ್ಲಿ ತಯಾರಾದ ಸೇವೆ ಸಿಗುತ್ತದೆ. ‘ಕೀ-ಕ್ಲೋಕ್’ ಎಂಬ ತಂತ್ರಾಂಶ ಲೈಸೆನ್ಸ್ ಶುಲ್ಕವಿಲ್ಲದೆ ದೊರೆಯುತ್ತದೆ. ಆದರೆ ಅದನ್ನು ನಡೆಸಲು ಬಲ್ಲವರು ಬೇಕು. ಸಣ್ಣ ಸಂಘ ಒಂಟಿಯಾಗಿ ಇದಕ್ಕೆ ಕೈ ಹಾಕುವುದಕ್ಕಿಂತ ತಾಲೂಕಿನ ಹತ್ತಾರು ಸಂಘ ಕೂಡಿ ಮಾಡುವುದು ಮೇಲು. ಕೂಡಿ ಮಾಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ.

4. ಎರಡನೇ ಕಾವಲು ಕಡ್ಡಾಯ ಮಾಡಿ. ಪಾಸ್‌ವರ್ಡಿನ ಜೊತೆಗೆ ಫೋನಿನ ಸಂಕೇತವೋ, ಇತ್ತೀಚೆಗೆ ಬಂದಿರುವ ‘ಪಾಸ್-ಕೀ’ ಎಂಬುದೋ ಇರಲಿ. ಪಾಸ್-ಕೀಯಲ್ಲಿ ಗುಟ್ಟನ್ನು ನಾವು ಬಾಯಲ್ಲಿ ಹೇಳುವ ಹಾಗೇ ಇಲ್ಲ. ಅದು ನಮಗೇ ಕಾಣುವುದಿಲ್ಲ. ಹಾಗಾಗಿ ಮೋಸದ ಫೋನಿಗೆ ಹೇಳಿಬಿಡುವ ಭಯವೂ ಇಲ್ಲ.

5. ಯಾರು ಎಂಬುದು ಬೇರೆ, ಏನು ಮಾಡಬಹುದು ಎಂಬುದು ಬೇರೆ. ಒಳಗೆ ಬಂದವರೆಲ್ಲ ತಿಜೋರಿ ಮುಟ್ಟಬಾರದು. ಒಬ್ಬರು ಬರೆಯಬೇಕು, ಇನ್ನೊಬ್ಬರು ಮಂಜೂರು ಮಾಡಬೇಕು.

6. ಒಂದೇ ದಿನ ಎಲ್ಲವನ್ನೂ ಬದಲಿಸಬೇಡಿ. ಹಾಜರಿಯಿಂದ ಶುರು ಮಾಡಿ, ಠೇವಣಿಯನ್ನು ಕೊನೆಗೆ ತನ್ನಿ. ಹೊಸ ಬಾಗಿಲು ಸರಿಯಾದ ಮೇಲೆ ಹಳೇ ಪಾಸ್‌ವರ್ಡಿನ ಬಾಗಿಲನ್ನು ಮುಚ್ಚಿ. ಬಹಳ ಕಡೆ ಮರೆಯುವುದು ಇದನ್ನೇ.

7. ಕೆಲಸ ಬಿಟ್ಟವರ ಹೆಸರನ್ನು ಅದೇ ದಿನ ತೆಗೆಯಿರಿ. ಬೀಳ್ಕೊಡುಗೆ ಹಾರ ಹಾಕುವ ದಿನವೇ ಕೀ ವಾಪಸು. ಇದು ಅವಮಾನವಲ್ಲ, ಹೋದವರಿಗೂ ಅದೇ ರಕ್ಷೆ. ಮುಂದೆ ಏನೇ ಆದರೂ “ನಾನು ಆಗ ಇರಲಿಲ್ಲ” ಎಂದು ದಾಖಲೆಯೇ ಹೇಳುತ್ತದೆ.

8. ಆಪತ್ಕಾಲದ ಕೀ ಒಂದಿರಲಿ. ಮುಖ್ಯ ಬಾಗಿಲೇ ಕೆಟ್ಟರೆ ಬೇಕಾಗುವ ಪಾಸ್‌ವರ್ಡನ್ನು ಎರಡು ಭಾಗ ಮಾಡಿ, ಎರಡು ಲಕೋಟೆಯಲ್ಲಿ ಅರಗಿನ ಮುದ್ರೆ ಹಾಕಿ, ಒಂದನ್ನು ಅಧ್ಯಕ್ಷರ ಬಳಿ, ಇನ್ನೊಂದನ್ನು ಕಾರ್ಯದರ್ಶಿಗಳ ಬಳಿ ಇಡಿ. ತಿಜೋರಿಗೆ ಎರಡು ಕೀಲಿ ಇಡುವ ಪದ್ಧತಿ ಸಹಕಾರ ಸಂಘಗಳಿಗೆ ಹೊಸದಲ್ಲ. ಲಕೋಟೆ ಒಡೆದರೆ ಯಾಕೆ ಒಡೆದದ್ದು ಎಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಠರಾವು ಆಗಬೇಕು.

ಇದರ ಮೇಲೆ ಒಂದು ಮಾತು. ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕೆಂದು ಕೆಲವರು ಹಠ ಹಿಡಿಯುತ್ತಾರೆ. ಹಾಗೆ ಸುಮ್ಮಸುಮ್ಮನೆ ಬದಲಿಸುವ ಕಟ್ಟಳೆ ಬೇಡ, ಸೋರಿದ ಸುಳಿವು ಸಿಕ್ಕಾಗ ಬದಲಿಸಿ ಎಂದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಪದೇ ಪದೇ ಬದಲಿಸಿದರೆ ಜನ ಕೊನೆಯಲ್ಲಿ ಒಂದು, ಎರಡು, ಮೂರು ಎಂದು ಸೇರಿಸುತ್ತಾ ಹೋಗುತ್ತಾರೆ, ಅಷ್ಟೆ. ಉದ್ದವಾದ, ನೆನಪಿರುವ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಒಂದೇ ಸಾಕು.

ಸದಸ್ಯ ಬಾಂಧವರಿಗೆ

ಇದೆಲ್ಲ ಸಿಬ್ಬಂದಿಯವರ ಕೆಲಸ, ನಮಗೇನು ಎನ್ನಬೇಡಿ. ಸಂಘದ ಯಜಮಾನರು ನೀವು. ಸರ್ವ ಸದಸ್ಯರ ಸಭೆಯಲ್ಲಿ ಲಾಭಾಂಶ ಎಷ್ಟು ಎಂದು ಕೇಳುವ ಹಾಗೆಯೇ, “ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಸಿಬ್ಬಂದಿಗೂ ಸ್ವಂತ ಹೆಸರಿದೆಯೇ? ಬಿಟ್ಟುಹೋದವರ ಹೆಸರು ತೆಗೆದಿದ್ದೀರಾ?” ಎಂದು ವರ್ಷಕ್ಕೊಮ್ಮೆ ಕೇಳಿ. ಎರಡೇ ಪ್ರಶ್ನೆ. ಕೇಳಲು ಕಂಪ್ಯೂಟರ್ ಕಲಿತಿರಬೇಕಿಲ್ಲ.

ನಿಮ್ಮ ಫೋನಿಗೆ ಬರುವ ಓ.ಟಿ.ಪಿ.ಯನ್ನು ಸಂಘದ ಸಿಬ್ಬಂದಿಗೂ ಹೇಳಬೇಡಿ. ಕೇಳಿದರೆ ಬೇಜಾರು ಮಾಡಿಕೊಳ್ಳದೆ “ಇಲ್ಲಪ್ಪ, ಕೊಡಲ್ಲ” ಎನ್ನಿ. ಒಳ್ಳೆಯ ಸಿಬ್ಬಂದಿ ಅದಕ್ಕೆ ಬೇಸರಪಡುವುದಿಲ್ಲ.

ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ನಾಳೆ ಸದಸ್ಯರಿಗೂ ಮೊಬೈಲ್ ತಂತ್ರಾಂಶ ಬರಬಹುದು, ಬರಲಿ. ಆದರೆ ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ, ಹೆಬ್ಬೆಟ್ಟು ಒತ್ತುವ ಅಜ್ಜ ಬಂದರೆ ಅವರಿಗಾಗಿ ಕಿಟಕಿ ತೆರೆದಿರಲಿ. ಆ ಕಿಟಕಿಯಲ್ಲಿ ಕೂತವರು ತಮ್ಮ ಸ್ವಂತ ಹೆಸರಿನಲ್ಲಿ ಅವರ ಕೆಲಸ ಮಾಡಿ, ಅಚ್ಚಾದ ರಸೀದಿ ಕೈಗೆ ಕೊಡಲಿ. ರಸೀದಿಯ ಕೆಳಗೆ ‘ಅಡ್ಮಿನ್’ ಎಂದಿರದೆ ಮಾಡಿದವರ ಹೆಸರು ಅಚ್ಚಾಗಿರಲಿ. ಇಷ್ಟಾದರೆ ನಾನು ಇಷ್ಟು ಹೊತ್ತು ಹೇಳಿದ್ದರ ಮುಕ್ಕಾಲು ಪಾಲು ನೆರವೇರಿದ ಹಾಗೆ.

ಸಹಕಾರ ಅಂದರೆ ಹಣ ಕೂಡಿಸುವುದಷ್ಟೇ ಅಲ್ಲ, ನಂಬಿಕೆ ಕೂಡಿಸುವುದು. ನಂಬಿಕೆ ಅಂದರೆ ಲೆಕ್ಕ ಕೇಳದೆ ಇರುವುದಲ್ಲ. ಯಾವಾಗ ಕೇಳಿದರೂ ಲೆಕ್ಕ ಸಿಗುವಂತಿರುವುದು. ಹಳೆಯ ತಲೆಮಾರಿನವರು ಅದನ್ನು ಮಸಿಯಲ್ಲಿ ಮಾಡಿ ತೋರಿಸಿದರು. ನಾವು ಕಂಪ್ಯೂಟರಿನಲ್ಲಿ ಮಾಡಿ ತೋರಿಸೋಣ.

ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಇಷ್ಟೇ ಸಂಭ್ರಮದಿಂದ ಆಚರಿಸಲಿ.